ಹೊಗೆ ಕಡಿಮೆ, ಉರಿ ಜಾಸ್ತಿ: ಮನೆಯ ಸೌದೆ ಒಲೆ ಹಚ್ಚುವುದು, ನಡೆಸುವುದು ಹೇಗೆ

ಗ್ಯಾಸ್ ಬಂದು ಎಷ್ಟೋ ವರ್ಷ ಆಗಿದ್ದರೂ ಮಲೆನಾಡು, ಕರಾವಳಿಯ ಬಹಳಷ್ಟು ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಇವತ್ತಿಗೂ ಬಚ್ಚಲು ಒಲೆಯ ಹಂಡೆಯಲ್ಲೇ. ಬಯಲುಸೀಮೆಯಲ್ಲೂ ಅಷ್ಟೇ, ಒಳಗೆ ಸಿಲಿಂಡರ್ ಇದ್ದರೂ ಹಿತ್ತಲಲ್ಲಿ ಮುದ್ದೆಗೋ ರೊಟ್ಟಿಗೋ ಒಂದು ಒಲೆ ಇದ್ದೇ ಇರುತ್ತದೆ. ದಿನಾ ಉರಿಸುವ ಒಲೆ, ಆದರೆ ಅದನ್ನು ಹೇಗೆ ಉರಿಸಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅಜ್ಜಿಯ ಪಕ್ಕ ಕೂತು ನೋಡಿ ಕಲಿತವರಿಗೆ ಕೈಯೇ ಗೊತ್ತು. ಉಳಿದವರು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ.

ಇದು ಆ ಉಳಿದವರಿಗೆ. ಊರಿಗೆ ವಾಪಸ್ ಬಂದು ಹಳೇ ಮನೆಯ ಒಲೆ ಮತ್ತೆ ಹಚ್ಚುತ್ತಿರುವವರಿಗೂ ಹೌದು.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಹೊಗೆ ಅಂದರೆ ಉರಿಯದೆ ಹೋದ ಸೌದೆ. ಸೌದೆಗೆ ಕಾವು ತಾಗಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಸುಮಾರು 200–300 ಡಿಗ್ರಿ ದಾಟಿದ ಮೇಲೆ ಮರ ಒಡೆದು ಅನಿಲವಾಗಿ ಹೊರಗೆ ಬರುತ್ತದೆ. ನಮಗೆ ಕಾಣುವ ಜ್ವಾಲೆ ಆ ಅನಿಲ ಉರಿಯುವುದು, ಕಟ್ಟಿಗೆಯೇ ನೇರವಾಗಿ ಉರಿಯುವುದಲ್ಲ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಹೀಗೆ ಅನಿಲವಾಗಿ ಹೋಗುತ್ತದೆ, ಕೊನೆಗೆ ಉಳಿಯುವುದು ಕೆಂಡ. ಆ ಅನಿಲಕ್ಕೆ ಸಾಕಷ್ಟು ಗಾಳಿ ಸಿಕ್ಕಿ, ಒಲೆಯೊಳಗೆ ಸಾಕಷ್ಟು ಬಿಸಿ ಇದ್ದರೆ ಪೂರ್ತಿ ಉರಿದು ಶಾಖ ಕೊಡುತ್ತದೆ. ಇಲ್ಲದಿದ್ದರೆ ಹೊಗೆಯಾಗಿ ಕಣ್ಣಿಗೆ, ಗೋಡೆಗೆ, ಎದೆಗೆ ಹೋಗುತ್ತದೆ. ಹಾಗಾಗಿ ಹೊಗೆ ಕಡಿಮೆ ಮಾಡುವುದು, ಸೌದೆ ಉಳಿಸುವುದು ಎರಡೂ ಒಂದೇ ಕೆಲಸ. ಮುಂದೆ ಹೇಳುವ ಎಲ್ಲ ಹಂತಗಳೂ ಇದಕ್ಕೇ.

ಸೌದೆ: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಸೌದೆಯಲ್ಲಿ ನೂರಕ್ಕೆ 15–20 ಪಾಲು. ಈ ವ್ಯತ್ಯಾಸ ಸಣ್ಣದಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರೋಕೆ ಎಷ್ಟು ಶಾಖ ಬೇಕೋ, ಅದೇ ನೀರನ್ನು ಪೂರ್ತಿ ಆವಿ ಮಾಡೋಕೆ ಅದರ ಏಳು ಪಟ್ಟು ಬೇಕು. ಹಸಿ ಸೌದೆ ಒಟ್ಟಿದರೆ ನಿಮ್ಮ ಬೆಂಕಿ ಮೊದಲು ಆ ಕೆಲಸ ಮಾಡುತ್ತಾ ಕೂರುತ್ತದೆ. ಒಲೆಯ ಕಾವು ಇಳಿಯುತ್ತದೆ, ಅನಿಲ ಹೊತ್ತಿಕೊಳ್ಳುವುದಿಲ್ಲ, ಬರೀ ಹೊಗೆ. ಎಷ್ಟೇ ಊದಿದರೂ ಇಷ್ಟೇ.

ಒಣಗಿದೆಯೋ ಇಲ್ಲವೋ ಅಂತ ತಿಳಿಯೋದು ಕಷ್ಟವಲ್ಲ. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅಂತ ಗಟ್ಟಿ ಸದ್ದು, ಹಸಿಯಾಗಿದ್ದರೆ ದಬ್ ಅಂತ ಮಂಕು ಸದ್ದು. ಕಡಿದ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರಬೇಕು. ತೊಗಟೆ ಉಗುರಿಗೆ ಸಿಕ್ಕಿ ಸುಲಭವಾಗಿ ಏಳಬೇಕು. ಇನ್ನೂ ಅನುಮಾನ ಇದ್ದರೆ ಒಂದು ತುಂಡಿಗೆ ಸುಣ್ಣದಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ತಕ್ಕಡಿಯಲ್ಲಿ ಇಡಿ. ತೂಕ ಇಳಿಯುವುದು ನಿಂತಿತು ಅಂದರೆ ಆ ರಾಶಿ ಒಲೆಗೆ ತಯಾರು. ಒಲೆಗೆ ಹಾಕಿದ ಮೇಲೆ ತುದಿಯಲ್ಲಿ ಚುಯ್ ಅಂತ ನೊರೆ ಬಂದರೆ ಮಾತ್ರ ತಡವಾಯಿತು, ಅದನ್ನು ಎಳೆದು ಪಕ್ಕಕ್ಕಿಡಿ.

ಒಣಗಿಸೋಕೆ ಸರಿಯಾದ ಕಾಲ ಬೇಸಿಗೆ. ಮಳೆಗಾಲದ ಸೌದೆಯನ್ನು ಯುಗಾದಿಗೂ ಮುಂಚೆ ಕಡಿದು, ಸೀಳಿ, ಬಿಸಿಲಿಗೆ ಹಾಕಿಬಿಟ್ಟರೆ ಜೂನ್ ಮಳೆ ಹಿಡಿಯುವ ಹೊತ್ತಿಗೆ ಕೊಟ್ಟಿಗೆ ಸೇರಿಸಬಹುದು. ಮೇ ತಿಂಗಳ ಕೊನೆಗೆ ಮರ ಕಡಿಸಿ ಆಗಸ್ಟಿನಲ್ಲಿ ಉರಿಸುತ್ತೇನೆ ಅಂದರೆ ಆಗುವುದಿಲ್ಲ. ಆ ಮೂರು ತಿಂಗಳು ಗಾಳಿಯಲ್ಲೇ ನೀರು ತುಂಬಿರುತ್ತದೆ, ಸೌದೆ ಒಣಗುವುದು ಹಾಗಿರಲಿ, ಒಣಗಿದ್ದೂ ಮೆತ್ತಗಾಗುತ್ತದೆ. ಮುಂದಿನ ವರ್ಷದ ಸೌದೆಯನ್ನು ಈ ವರ್ಷವೇ ಪೇರಿಸಿಡುವ ಮನೆಗಳಿವೆಯಲ್ಲ, ಅವರು ಮಾಡುವುದೇ ಸರಿ. ಜಾಗ ಇದ್ದರೆ ನೀವೂ ಹಾಗೇ ಮಾಡಿ.

ಸೀಳುವುದು ಬಹಳ ಮುಖ್ಯ. ತೊಗಟೆ ಇರುವ ಗುಂಡು ದಿಮ್ಮಿ ಹಾಗೇ ಬಿಟ್ಟರೆ ವರ್ಷವಾದರೂ ಒಳಗೆ ಹಸಿ ಇರುತ್ತದೆ. ಮರದ ನೀರು ಹೆಚ್ಚಾಗಿ ಕಡಿದ ತುದಿಯಿಂದ, ಸೀಳಿದ ಮೈಯಿಂದ ಹೋಗುತ್ತದೆ, ತೊಗಟೆಯಿಂದ ಹೋಗುವುದು ಬಹಳ ಕಡಿಮೆ. ಅಡುಗೆ ಒಲೆಗೆ ಎರಡು ಬೆರಳು ದಪ್ಪ, ಹಂಡೆ ಒಲೆಗೆ ಮಣಿಕಟ್ಟಿನ ದಪ್ಪ, ಇದಕ್ಕಿಂತ ದಪ್ಪ ಬೇಡ. ನೀಲಗಿರಿಯಂಥ ಮರವನ್ನು ಹಸಿ ಇರುವಾಗಲೇ ಸೀಳಿಬಿಡಿ, ಒಣಗಿದ ಮೇಲೆ ಕೊಡಲಿಯೇ ಹಿಡಿದುಕೊಳ್ಳುತ್ತದೆ.

ಪೇರಿಸುವಾಗ ಕೆಳಗೆ ನಾಲ್ಕು ಕಲ್ಲಿಟ್ಟು ಅದರ ಮೇಲೆ ಅಡ್ಡ ಮರ ಹಾಕಿ. ನೆಲಕ್ಕೆ ತಾಗಿದರೆ ಗೆದ್ದಲೂ ಹಿಡಿಯುತ್ತದೆ, ಥಂಡಿಯೂ ಏರುತ್ತದೆ. ಮೇಲೆ ಶೀಟೋ ಸೋಗೆಯೋ ಇರಲಿ, ಪಕ್ಕ ಮಾತ್ರ ತೆರೆದಿರಲಿ. ಟಾರ್ಪಾಲು ಹಾಕಿ ನಾಲ್ಕೂ ಕಡೆ ಬಿಗಿಯಾಗಿ ಕಟ್ಟುವವರಿದ್ದಾರೆ, ಹಾಗೆ ಮಾಡಿದರೆ ಒಳಗಿನ ತೇವ ಒಳಗೇ ಉಳಿದು ಬೂಸ್ಟು ಬರುತ್ತದೆ. ಇನ್ನೊಂದು ಮಾತು, ರಾಶಿಯಿಂದ ಸೌದೆ ತೆಗೆಯುವಾಗ ಕತ್ತಲಲ್ಲಿ ಕೈ ಹಾಕಬೇಡಿ. ಚೇಳು, ಕೊಳಕುಮಂಡಲಕ್ಕೆ ಇಷ್ಟವಾದ ಜಾಗ ಅದು. ಟಾರ್ಚ್ ಹಿಡಿದು, ಒಂದು ಕೋಲಿನಿಂದ ತಟ್ಟಿ, ಆಮೇಲೆ ಎಳೆಯಿರಿ. ಮಕ್ಕಳನ್ನು ಸೌದೆ ತರೋಕೆ ಕಳಿಸುವ ಮನೆಗಳಲ್ಲಿ ಇದನ್ನು ಖಂಡಿತ ಹೇಳಿಕೊಡಿ.

ಯಾವ ಮರ ಒಳ್ಳೆಯದು? ಜಾಲಿ, ಗಾಳಿ ಮರ, ಹುಣಸೆ, ಮತ್ತಿ ಇವೆಲ್ಲ ಗಟ್ಟಿ ಜಾತಿ. ನಿಧಾನ ಉರಿದು ಒಳ್ಳೆ ಕೆಂಡ ಕೊಡುತ್ತವೆ. ಅಕೇಶಿಯಾ, ನೀಲಗಿರಿ, ಗೊಬ್ಬರದ ಗಿಡ ದಿನಬಳಕೆಗೆ ಧಾರಾಳ ಸಾಕು. ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆ ಚೆನ್ನಾಗಿ ಉರಿಯುತ್ತದೆ, ಆದರೆ ಹಾಲವಾಣ, ಬೂರುಗ ಇವು ಹಗುರ, ಒಟ್ಟಿದಷ್ಟೂ ಬೂದಿ. ಕಲಬುರಗಿ, ರಾಯಚೂರು ಕಡೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಯಥೇಚ್ಛ ಸಿಗುತ್ತದೆ. ಅದು ಭಗ್ಗನೆ ಉರಿದು ಬೇಗ ಮುಗಿಯುತ್ತದೆ, ಹೆಂಚು ಕಾಯಿಸಿ ರೊಟ್ಟಿ ಸುಡೋಕೆ ಅದೇ ಸರಿ, ಬೇಳೆ ಬೇಯಿಸೋಕೆ ಅದರ ಜೊತೆ ಒಂದಾದರೂ ಗಟ್ಟಿ ತುಂಡು ಬೇಕು.

ಒಲೆಗೆ ಹಾಕಲೇಬಾರದ್ದೂ ಇವೆ. ಕಣಗಿಲೆ ವಿಷದ ಗಿಡ, ಅದರ ಹೊಗೆಯೂ ಒಳ್ಳೆಯದಲ್ಲ. ಕಾಡಿನ ಚೇರು ಜಾತಿಯ ಮರ ಮುಟ್ಟಿದರೇ ಮೈಯೆಲ್ಲ ಗುಳ್ಳೆ ಏಳುತ್ತದೆ, ಹೊಗೆ ತಾಗಿದರೂ ಕೆಲವರಿಗೆ ಹಾಗೇ ಆಗುತ್ತದೆ. ಬಣ್ಣ ಬಳಿದ ಹಳೇ ಕಿಟಕಿ ಬಾಗಿಲು, ಪ್ಲೈವುಡ್ ತುಂಡು ಕೂಡ ಬೇಡ.

ಹಚ್ಚುವ ಮೊದಲು ಒಲೆ ನೋಡಿ

ಬೆಂಕಿಗೆ ಗಾಳಿ ಕೆಳಗಿನಿಂದ ಬರಬೇಕು. ನಮ್ಮ ಹಳೇ ಮಣ್ಣಿನ ಒಲೆಗಳಲ್ಲಿ ಸೌದೆ ನೇರವಾಗಿ ಬೂದಿಯ ಮೇಲೇ ಮಲಗಿರುತ್ತದೆ, ಗಾಳಿ ಬಾಯಿಯಿಂದ ನುಗ್ಗಿ ಸೌದೆಯ ಮೇಲೆ ಹಾದು ಹೋಗುತ್ತದೆ. ಕೆಂಡಕ್ಕೆ ಉಸಿರೇ ಇಲ್ಲ. ಇದಕ್ಕೆ ಸುಲಭದ ಪರಿಹಾರ ಒಂದು ಕಬ್ಬಿಣದ ಜಾಲರಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೆಬ್ಬೆರಳು ದಪ್ಪದ ಸರಳುಗಳನ್ನು ಒಂದು ಬೆರಳು ಸಂದು ಬಿಟ್ಟು ಬೆಸೆದುಕೊಡಿ ಅಂದರೆ ಮಾಡಿಕೊಡುತ್ತಾರೆ. ಅದನ್ನು ಒಲೆಯ ನೆಲದಿಂದ ಮೂರು ನಾಲ್ಕು ಇಂಚು ಮೇಲೆ ಕೂರಿಸಿ, ಕೆಳಗೆ ಬೂದಿ ಬೀಳೋಕೆ, ಗಾಳಿ ಬರೋಕೆ ಜಾಗ ಬಿಡಿ. ಜಾಲರಿ ಮಾಡಿಸೋಕೆ ಆಗದಿದ್ದರೆ ಒಲೆಯ ಬಾಯಿಗೆ ಅಡ್ಡಲಾಗಿ ಒಂದು ಕಲ್ಲೋ ಸರಳೋ ಇಟ್ಟು, ಸೌದೆಯನ್ನು ಅದರ ಮೇಲೆ ಆನಿಸಿ. ಇಷ್ಟು ಮಾಡಿದರೂ ಉರಿ ಬೇರೆಯೇ ಆಗುತ್ತದೆ, ಒಮ್ಮೆ ಮಾಡಿ ನೋಡಿ.

ಆಮೇಲೆ ಪಾತ್ರೆ ಮತ್ತು ಒಲೆಯ ಅಂಚಿನ ನಡುವಿನ ಸಂದು. ಒಲೆಗುಂಡು ತೀರಾ ಎತ್ತರ ಇದ್ದರೆ ಜ್ವಾಲೆ ಪಾತ್ರೆಯ ತಳ ಮುಟ್ಟುವ ಮೊದಲೇ ಪಕ್ಕಕ್ಕೆ ಹಾರಿಹೋಗುತ್ತದೆ. ತೀರಾ ತಗ್ಗಿದ್ದರೆ ಬೆಂಕಿಗೆ ದಾರಿ ಇಲ್ಲದೆ ಹೊಗೆ ಬಾಯಿಂದ ಹೊರಗೆ ಬರುತ್ತದೆ. ಸುತ್ತಲೂ ಒಂದು ಬೆರಳು ದಪ್ಪದಷ್ಟು ಸಂದು ಇದ್ದರೆ ಸರಿ. ದೊಡ್ಡ ಹಂಡೆಗೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಪಾತ್ರೆಯ ತಳವಷ್ಟೇ ಅಲ್ಲದೆ ಪಕ್ಕೆಗೂ ಬಿಸಿ ಗಾಳಿ ಸವರಿಕೊಂಡು ಹೋಗಬೇಕು, ಆಗ ಶಾಖ ವ್ಯರ್ಥವಾಗುವುದಿಲ್ಲ.

ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದ ಒಲೆ ನಮ್ಮ ಕರ್ನಾಟಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರ ಇತ್ತು. 1980ರ ದಶಕದಲ್ಲಿ ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮುಚ್ಚಿದ ಒಲೆಗೂಡು, ಕೆಳಗೆ ಜಾಲರಿ, ಒಂದರ ಹಿಂದೆ ಒಂದು ಮೂರು ಪಾತ್ರೆ ಕೂರುವ ಜಾಗ, ಕೊನೆಗೆ ಹೊಗೆ ಹೊರಗೆ ಹೋಗುವ ಪೈಪು. ಮಾಮೂಲಿ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ 10–15 ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಅಸ್ತ್ರ ಒಲೆಯನ್ನು ಅಳತೆ ಪ್ರಕಾರ ಕಟ್ಟಿ, ಸರಿಯಾಗಿ ನಡೆಸಿದರೆ ಅದು 30ರ ಮೇಲೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಇಂಥ ಒಲೆ ಇದ್ದು, ಯಾರೋ ಪಾತ್ರೆ ಕೂರುವುದಿಲ್ಲ ಅಂತ ಬಾಯಿ ಒಡೆದು ದೊಡ್ಡದು ಮಾಡಿದ್ದರೆ ಅದನ್ನು ಮಣ್ಣು ಮೆತ್ತಿ ಮೊದಲಿನ ಅಳತೆಗೆ ತನ್ನಿ. ಮೂರು ಕಡೆಯೂ ಪಾತ್ರೆ ಇಟ್ಟು ಉರಿಸಿ. ಒಂದು ತೂತು ಖಾಲಿ ಬಿಟ್ಟರೆ ಹೊಗೆ ಅಲ್ಲಿಂದಲೇ ಬರುತ್ತದೆ, ಪೈಪಿನವರೆಗೆ ಹೋಗುವುದೇ ಇಲ್ಲ. ಅಡುಗೆ ಇಲ್ಲದಿದ್ದರೆ ನೀರು ತುಂಬಿದ ಪಾತ್ರೆ ಇಡಿ.

ಹಚ್ಚುವುದು

ನಿನ್ನೆಯ ಬೂದಿ ತೆಗೆಯಿರಿ. ಪೂರ್ತಿ ಕೆರೆದು ಹಾಕುವುದು ಬೇಡ, ತೆಳ್ಳಗೆ ಒಂದು ಪದರ ಇದ್ದರೆ ಕಾವು ಹಿಡಿದಿಡುತ್ತದೆ. ಆದರೆ ಜಾಲರಿಯ ಸಂದು ತೆರೆದಿರಬೇಕು. ಕೆದಕುವಾಗ ಒಳಗೆ ಹಳೇ ಕೆಂಡ ಸಿಕ್ಕರೆ ಅದೃಷ್ಟ, ಅದನ್ನು ಒಟ್ಟು ಮಾಡಿ ಮೇಲೆ ಒಣ ಜುಂಗು ಇಟ್ಟರೆ ಬೆಂಕಿಪೊಟ್ಟಣವೇ ಬೇಡ.

ಮೊದಲು ಹಿಡಿ ತುಂಬ ಒಣ ತೆಂಗಿನ ಗರಿ, ಅಡಿಕೆ ಸೋಗೆ ಅಥವಾ ತೆಂಗಿನಕಾಯಿ ಜುಂಗನ್ನು ಬಿಡಿಬಿಡಿಯಾಗಿ ಇಡಿ. ಒತ್ತಿ ತುರುಕಬೇಡಿ. ಅದರ ಮೇಲೆ ಪೆನ್ಸಿಲ್ ದಪ್ಪದ ಪುರಲೆ, ನಿಮ್ಮ ಕಡೆ ಪುಳ್ಳೆ ಅನ್ನಬಹುದು, ಒಂದರ ಮೇಲೊಂದು ಅಡ್ಡಡ್ಡ. ಆಮೇಲೆ ಹೆಬ್ಬೆರಳು ದಪ್ಪದ ಎರಡು ಮೂರು ಚಕ್ಕೆ. ಎರಡು ಕರಟ ಇದ್ದರೆ ಕವುಚಿ ಹಾಕಿ, ಅದರ ಉರಿ ಬಹಳ ಗಟ್ಟಿ. ಕೆಳಗಿನಿಂದ ಕಡ್ಡಿ ಗೀರಿ. ಪುರಲೆ ಚಟಪಟ ಅನ್ನುವವರೆಗೆ ದಪ್ಪ ಸೌದೆ ಕಡೆ ಕೈ ಹಾಕಬೇಡಿ. ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ. ಸಣ್ಣ ಉರಿಯ ಮೇಲೆ ದಪ್ಪ ದಿಮ್ಮಿ ಬಿದ್ದರೆ ಅದು ಕಾವನ್ನೆಲ್ಲ ಕುಡಿದು ಬೆಂಕಿ ನಂದಿಸುತ್ತದೆ, ಆಮೇಲೆ ಅರ್ಧ ಗಂಟೆ ಊದುತ್ತಾ ಕೂರಬೇಕು.

ಹಂಡೆ ಒಲೆಯ ಗೂಡು ಉದ್ದವಾಗಿ, ದೊಡ್ಡದಾಗಿ ಇದ್ದರೆ ತಲೆಕೆಳಗು ಮಾಡಿ ಹಚ್ಚಿ ನೋಡಿ. ಕೆಳಗೆ ಎರಡು ದಪ್ಪ ತುಂಡು ಸಂದು ಬಿಟ್ಟು, ಅದರ ಮೇಲೆ ಚಕ್ಕೆ, ಎಲ್ಲಕ್ಕಿಂತ ಮೇಲೆ ಪುರಲೆ ಮತ್ತು ಗರಿ. ಬೆಂಕಿ ಮೇಲೆ ಹಚ್ಚಿ. ಉರಿ ನಿಧಾನವಾಗಿ ಕೆಳಗಿಳಿಯುತ್ತದೆ, ಕೆಳಗಿನ ಸೌದೆಯಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ದಾಟಿಯೇ ಹೋಗಬೇಕು, ಹಾಗಾಗಿ ಅಲ್ಲೇ ಉರಿದುಹೋಗುತ್ತದೆ. ಶುರುವಿನ ಆ ಹತ್ತು ನಿಮಿಷದ ದಟ್ಟ ಹೊಗೆ ಇದರಲ್ಲಿ ಬಹಳ ಕಡಿಮೆ. ಒಮ್ಮೆ ಜೋಡಿಸಿದರೆ ಮತ್ತೆ ಮತ್ತೆ ಬಂದು ಸೌದೆ ಹಾಕುವ ಕೆಲಸವೂ ಇಲ್ಲ. ಬೆಳಗ್ಗೆ ಕೈ ತುಂಬ ಕೆಲಸ ಇರುವ ಮನೆಗೆ ಇದು ಹೇಳಿ ಮಾಡಿಸಿದ ಕ್ರಮ.

ಹೊಗೆ ಪೈಪು ಇರುವ ಒಲೆ ಮಳೆಗಾಲದಲ್ಲಿ ಹಚ್ಚಿದ ಕೂಡಲೇ ಹೊಗೆಯನ್ನು ಒಳಗೇ ಕಕ್ಕುತ್ತದೆ ಅಲ್ವಾ? ಪೈಪಿನೊಳಗಿನ ತಣ್ಣಗಿನ ಗಾಳಿ ಭಾರ, ಅದು ಕೆಳಗೆ ಕೂತಿರುತ್ತದೆ. ಮೊದಲು ಒಂದು ಹಾಳೆ ಪೇಪರನ್ನೋ ಒಣ ಗರಿಯನ್ನೋ ಹೊತ್ತಿಸಿ ಪೈಪಿನ ಬುಡಕ್ಕೆ ಹತ್ತಿರ ಹಿಡಿಯಿರಿ. ಸುಂಯ್ ಅಂತ ಗಾಳಿ ಮೇಲಕ್ಕೆ ಎಳೆಯುವುದು ಕೇಳಿಸಿದ ಮೇಲೆ ಒಲೆ ಹಚ್ಚಿ.

ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಲೇಬೇಡಿ. ಒಳಗೆ ಕೆಂಡ ಇರುವುದು ಗೊತ್ತಾಗದೆ ಸುರಿದರೆ ಆವಿ ಎದ್ದು ಮುಖಕ್ಕೆ ಹೊತ್ತಿಕೊಳ್ಳುತ್ತದೆ. ಹಾಲಿನ ಪ್ಯಾಕೆಟ್, ಚಪ್ಪಲಿ, ಟಯರಿನ ತುಂಡು ಹಾಕಿ ಹಚ್ಚುವುದು ಎಷ್ಟೋ ಮನೆಗಳಲ್ಲಿ ಅಭ್ಯಾಸವೇ ಆಗಿದೆ, ದಯವಿಟ್ಟು ಬಿಟ್ಟುಬಿಡಿ. ಆ ಕಪ್ಪು ಹೊಗೆಯಲ್ಲಿರುವ ವಿಷ ಒಲೆ ಮುಂದೆ ಕೂತ ನಿಮಗೇ ಮೊದಲು ಹೋಗುವುದು. ಒಂದು ಗೋಣಿಚೀಲ ತುಂಬ ಜುಂಗು, ಇನ್ನೊಂದರ ತುಂಬ ಪುರಲೆ ಬೇಸಿಗೆಯಲ್ಲೇ ಕಟ್ಟಿಟ್ಟರೆ ಪ್ಲಾಸ್ಟಿಕ್ಕಿನ ನೆನಪೇ ಬರುವುದಿಲ್ಲ.

ಉರಿ ನಡೆಸುವುದು

ಒಂದು ಸಲಕ್ಕೆ ಮೂರು ನಾಲ್ಕು ತುಂಡು ಸಾಕು. ನಡುವೆ ಒಂದು ಬೆರಳು ಸಂದು ಇರಲಿ. ಒಂಟಿ ಸೌದೆ ಉರಿಯುವುದಿಲ್ಲ, ಒತ್ತಿಟ್ಟ ಸೌದೆಯೂ ಉರಿಯುವುದಿಲ್ಲ. ಒಂದರ ಕಾವು ಇನ್ನೊಂದಕ್ಕೆ ತಾಗುವಷ್ಟು ಹತ್ತಿರ, ಗಾಳಿ ನುಸುಳುವಷ್ಟು ದೂರ. ತುದಿ ಮಾತ್ರ ಉರಿಯಲಿ, ಉರಿದಷ್ಟೂ ಒಳಕ್ಕೆ ತಳ್ಳುತ್ತಾ ಹೋಗಿ. ಪೂರ್ತಿ ಸೌದೆ ಒಳಗೆ ತುರುಕಿದರೆ ಎಲ್ಲ ಕಡೆಯಿಂದ ಒಟ್ಟಿಗೇ ಅನಿಲ ಏಳುತ್ತದೆ, ಅಷ್ಟಕ್ಕೂ ಗಾಳಿ ಸಾಲುವುದಿಲ್ಲ.

ಹೊಗೆಯ ಬಣ್ಣ ನೋಡೋದು ರೂಢಿ ಮಾಡಿಕೊಳ್ಳಿ. ದಟ್ಟ ಬಿಳಿ ಹೊಗೆ ಅಂದರೆ ಸೌದೆ ಹಸಿ ಅಥವಾ ಒಲೆಗೆ ಇನ್ನೂ ಕಾವು ಸಾಲದು. ಆಗ ಪುರಲೆ ಹಾಕಿ ಜ್ವಾಲೆ ಎಬ್ಬಿಸಿ. ಕಪ್ಪು ಹೊಗೆ, ಪಾತ್ರೆಗೆ ಮಸಿ ಜಾಸ್ತಿ ಅಂದರೆ ಸೌದೆ ಅತಿಯಾಗಿದೆ, ಗಾಳಿ ಕಡಿಮೆಯಾಗಿದೆ, ಒಂದು ತುಂಡು ಹಿಂದಕ್ಕೆ ಎಳೆಯಿರಿ. ಹೊರಗೆ ಹೋಗಿ ಪೈಪಿನ ತುದಿ ನೋಡಿದಾಗ ಹೊಗೆ ಕಾಣದೆ ಬರೀ ಬಿಸಿ ಗಾಳಿ ನಡುಗುತ್ತಾ ಇದ್ದರೆ ಒಲೆ ಸರಿಯಾಗಿ ನಡೆಯುತ್ತಿದೆ.

ಊದುಕೊಳವೆ ಬಳಸುವಾಗ ಜ್ವಾಲೆಗೆ ಊದಬೇಡಿ, ಕೆಂಡದ ಬುಡಕ್ಕೆ ಊದಿ. ನಿಧಾನಕ್ಕೆ, ಉದ್ದ ಉಸಿರಿನಲ್ಲಿ. ಉಸಿರು ಎಳೆದುಕೊಳ್ಳುವಾಗ ಕೊಳವೆ ಬಾಯಿಂದ ತೆಗೆಯಿರಿ. ನಿಜ ಹೇಳಬೇಕೆಂದರೆ ಪದೇ ಪದೇ ಊದಬೇಕಾಗಿ ಬಂದರೆ ನಿಮ್ಮ ಸೌದೆಯಲ್ಲೋ ಒಲೆಯಲ್ಲೋ ಏನೋ ಸರಿಯಿಲ್ಲ, ಅದನ್ನು ಹುಡುಕಿ ಸರಿಮಾಡಿ.

ಅಡುಗೆಯಲ್ಲಿ ಸೌದೆ ಉಳಿಯುವ ದೊಡ್ಡ ಜಾಗ ಕುದಿ ಬಂದ ಮೇಲಿನ ಹೊತ್ತು. ನೀರು ಒಮ್ಮೆ ಕುದಿಗೆ ಬಂದರೆ ಮುಗಿಯಿತು, ಎಷ್ಟು ದೊಡ್ಡ ಉರಿ ಹಾಕಿದರೂ ಅದರ ಬಿಸಿ ಇನ್ನು ಏರುವುದಿಲ್ಲ. ತಳಮಳ ಕುದಿದರೂ, ಸಣ್ಣಗೆ ಗುಳುಗುಳು ಅಂದರೂ ಬೇಳೆ ಬೇಯುವುದು ಒಂದೇ ಹೊತ್ತಿಗೆ. ಆದ್ದರಿಂದ ಕುದಿ ಬಂತು ಅಂದ ಕೂಡಲೇ ಎರಡು ಸೌದೆ ಹಿಂದಕ್ಕೆ ಎಳೆದುಬಿಡಿ, ಮುಚ್ಚಳ ಹಾಕಿ. ಬೇಳೆ ಕಾಳು ಹಿಂದಿನ ರಾತ್ರಿಯೇ ನೆನೆಹಾಕಿದ್ದರೆ ಇನ್ನೂ ಬೇಗ. ಗಂಜಿ ಬಸಿದ ಅನ್ನವನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿ ಅರಳಿಸುತ್ತಿದ್ದರಲ್ಲ ಹಿಂದಿನವರು, ಅದರಷ್ಟು ಕಡಿಮೆ ಖರ್ಚಿನ ಅಡುಗೆ ಇನ್ನೊಂದಿಲ್ಲ. ಪಾತ್ರೆಯ ತಳಕ್ಕೆ ತೆಳ್ಳಗೆ ಬೂದಿ ಕಲಸಿ ಬಳಿದಿದ್ದರೆ ಮಸಿ ತಿಕ್ಕುವ ಕೆಲಸವೂ ಹಗುರ.

ಹಂಡೆ ನೀರಿಗೆ ಎಷ್ಟು ಸೌದೆ?

ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 80 ಲೀಟರಿನ ಹಂಡೆ ಅಂದುಕೊಳ್ಳಿ. 22 ಡಿಗ್ರಿ ತಣ್ಣೀರನ್ನು ಸ್ನಾನಕ್ಕೆ ಹದವಾದ 45 ಡಿಗ್ರಿಗೆ ತರಬೇಕು. ಇದಕ್ಕೆ ಬೇಕಾಗುವ ಶಾಖ ಸುಮಾರು 7.7 ಮೆಗಾಜೂಲ್. ಒಣ ಸೌದೆ ಒಂದು ಕೆಜಿಗೆ 16 ಮೆಗಾಜೂಲಿನಷ್ಟು ಶಾಖ ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರಿದರೆ ಅರ್ಧ ಕೆಜಿ ಸೌದೆ ಸಾಕು! ಹಾಗೆ ಆಗುವುದಿಲ್ಲ, ಸರಿ. ನೂರಕ್ಕೆ 15 ಪಾಲು ಹಿಡಿಯುವ ಒಲೆಯಲ್ಲಿ ಮೂರು ಕೆಜಿ ಮೇಲೆ ಬೇಕು. 30 ಪಾಲು ಹಿಡಿಯುವ ಒಲೆಯಲ್ಲಿ ಒಂದೂವರೆ ಕೆಜಿ ಸ್ವಲ್ಪ ಮೇಲೆ. ಈಗ ನಿಮ್ಮ ಮನೆಯ ಒಂದು ದಿನದ ಸೌದೆ ತೂಗಿ ನೋಡಿ. ಎಂಟು ಹತ್ತು ಕೆಜಿ ಹೋಗುತ್ತಿದ್ದರೆ ಉಳಿದದ್ದೆಲ್ಲ ಗೋಡೆ ಕಾಯಿಸೋಕೆ, ಹೊಗೆ ಮಾಡೋಕೆ ಹೋಗುತ್ತಿದೆ ಅಂತ ಅರ್ಥ.

ಅದೇ ಹಂಡೆಯನ್ನು ಕುದಿಯುವವರೆಗೆ ಕಾಯಿಸಿದರೆ ಮೂರು ಪಟ್ಟಿಗೂ ಜಾಸ್ತಿ ಶಾಖ ಬೇಕು. ದೊಡ್ಡ ಮನೆ, ಹತ್ತು ಜನ ಇದ್ದು ತಣ್ಣೀರು ಬೆರೆಸಿ ಎಲ್ಲರೂ ಮೀಯುತ್ತಾರೆ ಅಂದರೆ ಅದು ಸರಿಯೇ. ಇಬ್ಬರೇ ಇರುವ ಮನೆಯಲ್ಲಿ ಅಭ್ಯಾಸಬಲದಿಂದ ಹಂಡೆ ತುಂಬ ನೀರು ಕುದಿಸಿ, ಮುಕ್ಕಾಲು ಭಾಗ ಹಾಗೇ ತಣ್ಣಗಾಗೋಕೆ ಬಿಡುವುದು ಬೇಡ. ಅರ್ಧ ಹಂಡೆ ನೀರು ಹಾಕಿ, ಮುಚ್ಚಳ ತಪ್ಪದೆ ಮುಚ್ಚಿ. ತೆರೆದ ಹಂಡೆಯ ಬಾಯಿಂದ ಆವಿಯಾಗಿ ಹೋಗುವುದು ನೀವು ಕೊಟ್ಟ ಶಾಖವೇ.

ಗ್ಯಾಸಿನ ಜೊತೆ ಹೋಲಿಸಬೇಕಾದರೆ ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಇದೆ, ಹತ್ತಿರ ಹತ್ತಿರ ಮೂರು ಕೆಜಿ ಸೌದೆಯಷ್ಟು. ಆದರೆ ಗ್ಯಾಸ್ ಒಲೆ ಅರ್ಧಕ್ಕಿಂತ ಜಾಸ್ತಿ ಶಾಖವನ್ನು ಪಾತ್ರೆಗೆ ಕೊಡುವುದರಿಂದ ಕೆಟ್ಟ ಸೌದೆ ಒಲೆಯಲ್ಲಿ ಅದೇ ಅಡುಗೆಗೆ ಹತ್ತು ಹನ್ನೆರಡು ಕೆಜಿ ಸೌದೆ ಆಗುತ್ತದೆ, ಒಳ್ಳೆ ಒಲೆಯಲ್ಲಿ ಆರು ಕೆಜಿ. ಸೌದೆ ಕೊಂಡು ಉರಿಸುವವರು ಈ ಲೆಕ್ಕ ಹಾಕಿಯೇ ನಿರ್ಧಾರ ಮಾಡಿ. ಸ್ವಂತ ತೋಟದ ಸೌದೆ ಇದ್ದವರಿಗೆ ಕೂಲಿಯೊಂದೇ ಖರ್ಚು.

ಕೆಂಡವನ್ನು ಮುಚ್ಚಿದ ಕೋಣೆಗೆ ಒಯ್ಯಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಕೆಂಡ ಅಪಾಯವಿಲ್ಲದ್ದಲ್ಲ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ತಲೆನೋವು, ತಲೆ ಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಮಲಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಟ್ಟು, ಗಾಳಿ ತಾಗಬಾರದು ಅಂತ ಕಿಟಕಿ ಬಾಗಿಲು ಹಾಕುವ ರೂಢಿ ನಮ್ಮಲ್ಲಿದೆ. ಹಂಚಿನ ಮನೆಯಲ್ಲಿ ಸಂದಿನಿಂದ ಗಾಳಿ ಆಡುತ್ತಿತ್ತು, ತಾರಸಿ ಮನೆಯಲ್ಲಿ ಅದೂ ಇಲ್ಲ. ತಾಯಿ ಮಗು ಇಬ್ಬರಿಗೂ ಜೀವಕ್ಕೇ ಅಪಾಯ. ಕೋಣೆ ಬೆಚ್ಚಗಿಡೋಕೆ ಬಿಸಿನೀರಿನ ಚೀಲ, ಕಂಬಳಿ ಬಳಸಿ, ಕೆಂಡ ಬೇಡವೇ ಬೇಡ.

ಬಚ್ಚಲು ಮನೆಯೊಳಗೇ ಒಲೆಯ ಬಾಯಿ ಇದ್ದರೂ ಇದೇ ಮಾತು. ಮೀಯುವಾಗ ಮೇಲಿನ ಕಿಟಕಿ ತೆರೆದೇ ಇರಲಿ. ಹೊಸದಾಗಿ ಕಟ್ಟಿಸುವವರು ಒಲೆಯ ಬಾಯಿಯನ್ನು ಹೊರಗಿನಿಂದ ಬರುವಂತೆ ಮಾಡಿಸಿ. ಅಡುಗೆ ಒಲೆಯ ಹತ್ತಿರ ಸಣ್ಣ ಮಕ್ಕಳನ್ನು ಕೂರಿಸಿಕೊಳ್ಳಬೇಡಿ, ಹೊಗೆ ಅವರ ಎದೆಗೆ ಬೇಗ ಹಿಡಿಯುತ್ತದೆ. ನೈಲಾನ್ ಸೀರೆ, ನೈಟಿ, ಜೋತುಬಿದ್ದ ದುಪ್ಪಟ್ಟಾ ಬೇಡ, ಹತ್ತಿ ಬಟ್ಟೆ ಇರಲಿ.

ಆರಿಸುವುದು, ಬೂದಿ, ಪೈಪು

ಕೆಲಸ ಮುಗಿದ ಮೇಲೆ ಉಳಿದ ಕೊಳ್ಳಿಯನ್ನು ಒಲೆಯಲ್ಲೇ ಬಿಟ್ಟರೆ ಅದು ಗಂಟೆಗಟ್ಟಲೆ ಹೊಗೆಯಾಡುತ್ತಾ ವ್ಯರ್ಥವಾಗುತ್ತದೆ. ಇಕ್ಕಳದಲ್ಲಿ ಹಿಡಿದು ಬೂದಿಯಲ್ಲಿ ಚುಚ್ಚಿ ಆರಿಸಿ. ಕೆಂಡವನ್ನು ಗಟ್ಟಿ ಮುಚ್ಚಳದ ಕಬ್ಬಿಣದ ಡಬ್ಬಿಗೆ ಹಾಕಿ ಮುಚ್ಚಿ, ಹೊರಗೆ ಇಟ್ಟರೆ ಗಾಳಿಯಿಲ್ಲದೆ ಆರಿ ಇದ್ದಿಲಾಗುತ್ತದೆ. ನಾಳೆ ಒಲೆ ಹಚ್ಚುವಾಗ ಈ ಇದ್ದಿಲು ನಾಲ್ಕು ತುಂಡು ಸೇರಿಸಿದರೆ ಬೇಗ ಕಾವು ಹಿಡಿಯುತ್ತದೆ. ಬಿಸಿ ಒಲೆಗೆ ನೀರು ಮಾತ್ರ ಸುರಿಯಬೇಡಿ, ಮಣ್ಣಿನದಾಗಲಿ ಇಟ್ಟಿಗೆಯದಾಗಲಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಿದ್ದರೆ ಹುತ್ತದ ಮಣ್ಣು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ ಮೆತ್ತಿ, ನೆರಳಲ್ಲಿ ಒಣಗಿದ ಮೇಲೆ ಸಣ್ಣ ಉರಿ ಹಾಕಿ.

ಹೊಗೆ ಪೈಪು ತಿಂಗಳಿಗೊಮ್ಮೆ ನೋಡಿ. ಹಸಿ ಸೌದೆ ಉರಿಸಿದ ಮನೆಯಲ್ಲಿ ಡಾಂಬರಿನಂಥ ಜಿಡ್ಡು ಒಳಗೆ ಕಟ್ಟಿಕೊಂಡಿರುತ್ತದೆ, ಅದು ದಪ್ಪವಾದರೆ ಪೈಪಿಗೇ ಬೆಂಕಿ ಹಿಡಿಯಬಹುದು. ಒಲೆ ಪೂರ್ತಿ ತಣ್ಣಗಿರುವಾಗ ಹಗ್ಗಕ್ಕೆ ಗೋಣಿ ಸುತ್ತಿ ಕಟ್ಟಿ, ತುದಿಗೆ ಒಂದು ಕಲ್ಲು ಕಟ್ಟಿ, ಮೇಲಿನಿಂದ ಇಳಿಬಿಟ್ಟು ನಾಲ್ಕಾರು ಸಲ ಎಳೆದಾಡಿ. ಪೈಪಿನ ತುದಿ ಮಾಡಿನ ಕೋಡಿಗಿಂತ ಎರಡು ಅಡಿ ಮೇಲಿರಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಬರುತ್ತದೆ. ಮೇಲೆ ಮಳೆ ಟೋಪಿ ಇರಲಿ.

ಬೂದಿಯನ್ನು ಬಿಸಿ ಇರುವಾಗ ಪ್ಲಾಸ್ಟಿಕ್ ಬಕೆಟ್ಟಿಗೋ ಗೊಬ್ಬರದ ಗುಂಡಿಗೋ ಸುರಿಯಬೇಡಿ, ಒಳಗೆ ಅಡಗಿದ ಕೆಂಡ ಮಾರನೇ ದಿನಕ್ಕೂ ಜೀವ ಹಿಡಿದಿರುತ್ತದೆ. ಕಬ್ಬಿಣದ ಬಾಂಡ್ಲಿಯಲ್ಲಿ ಎರಡು ದಿನ ಇಟ್ಟು ಆಮೇಲೆ ಜರಡಿ ಹಿಡಿಯಿರಿ. ನಯವಾದ ಬೂದಿ ಕಾಳಿಗೆ ಬೆರೆಸಿಟ್ಟರೆ ಹುಳ ಬೀಳುವುದು ಕಡಿಮೆ. ತೆಂಗು, ಬಾಳೆ, ಅಡಿಕೆ ಬುಡಕ್ಕೂ ಹಾಕಬಹುದು, ಅದರಲ್ಲಿ ಪೊಟ್ಯಾಶ್ ಇದೆ, ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣದ ಕೆಲಸವನ್ನೂ ಮಾಡುತ್ತದೆ. ಒಂದೇ ಗಿಡಕ್ಕೆ ರಾಶಿ ಹಾಕದೆ, ಬುಡದಿಂದ ಒಂದೆರಡು ಅಡಿ ದೂರದಲ್ಲಿ ಸುತ್ತಲೂ ತೆಳ್ಳಗೆ ಎರಚಿ ಮಣ್ಣಿಗೆ ಬೆರೆಸಿ. ಯೂರಿಯಾ ಜೊತೆ ಮಾತ್ರ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹಾರಿಹೋಗುತ್ತದೆ.